ವಾರ್ಸಾದ ‘ಹಳೆಯ ಪಟ್ಟಣ’ಕ್ಕೆ ವಯಸ್ಸೆಷ್ಟು?

ಇವತ್ತು ಪೋಲೆಂಡ್‌ಗೆ ಹೋಗಿ ಬರೋಣ. ಡಿಸೆಂಬರ್ ರಜೆಯಲ್ಲಿ ಒಂದು ವಾರ ಯುರೋಪಿನ ಹಳೆಯ ಊರುಗಳನ್ನು ಸುತ್ತಬೇಕು ಅಂತ ಪ್ಲಾನ್ ಮಾಡೋರಿಗೆ ವಾರ್ಸಾ ಮತ್ತು ಕ್ರಾಕೋವ್ ಒಳ್ಳೆಯ ಜೋಡಿ. ಎರಡರ ನಡುವೆ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಎರಡೂ ಊರಿನ ಹಳೆಯ ಭಾಗ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಆದ್ರೆ ಒಂದು ವ್ಯತ್ಯಾಸ ಇದೆ. ವಾರ್ಸಾದ ಹಳೆಯ ಪಟ್ಟಣದಲ್ಲಿ ನೀವು ಫೋಟೊ ತೆಗೆಯೋ ಬಣ್ಣಬಣ್ಣದ ಮನೆಗಳಲ್ಲಿ ಹೆಚ್ಚಿನವಕ್ಕೆ ನಿಮ್ಮ ಅಜ್ಜಿಯಷ್ಟೇ ವಯಸ್ಸು!

ಇದು ಹೇಗೆ? ಕತೆ 1944ರಿಂದ ಶುರುವಾಗುತ್ತೆ.

ಆಗಸ್ಟ್ 1, 1944. ಐದು ವರ್ಷಗಳಿಂದ ನಾಜಿ ಜರ್ಮನಿಯ ಹಿಡಿತದಲ್ಲಿದ್ದ ವಾರ್ಸಾದಲ್ಲಿ ಪೋಲೆಂಡಿನ ಭೂಗತ ಸೇನೆ ದಂಗೆ ಎದ್ದಿತು. 63 ದಿನ ಬೀದಿಬೀದಿಯಲ್ಲಿ ಕಾದಾಟ ನಡೀತು. ಒಂದೂವರೆ ಲಕ್ಷಕ್ಕೂ ಹೆಚ್ಚು ನಾಗರಿಕರು ಸತ್ತರು ಅಂತ ಅಂದಾಜು. ಅಕ್ಟೋಬರ್ ಆರಂಭದಲ್ಲಿ ದಂಗೆಕೋರರು ಶರಣಾದರು. ಯುದ್ಧದಲ್ಲಿ ಇಂಥದ್ದು ಇದ್ದದ್ದೇ ಅಂತ ನಿಮಗೆ ಅನ್ನಿಸಬಹುದು. ಆದ್ರೆ ಮುಂದೆ ನಡೆದದ್ದು ಯುದ್ಧವೇ ಅಲ್ಲ. ಊರಲ್ಲಿ ಉಳಿದಿದ್ದ ಜನರನ್ನು ಹೊರಗೆ ಅಟ್ಟಿ, ಖಾಲಿ ಊರನ್ನು ಒಂದೊಂದೇ ಬೀದಿಯಾಗಿ ಸುಟ್ಟರು, ಸಿಡಿಮದ್ದು ಇಟ್ಟು ಉರುಳಿಸಿದರು. ಗ್ರಂಥಾಲಯ, ಅರಮನೆ, ಚರ್ಚ್ ಯಾವುದನ್ನೂ ಬಿಡಲಿಲ್ಲ. 1945ರ ಜನವರಿ 17ರಂದು ಸೋವಿಯತ್ ಸೇನೆ ಒಳಗೆ ಬಂದಾಗ ಐತಿಹಾಸಿಕ ಕೇಂದ್ರದ ಶೇ 85ಕ್ಕೂ ಹೆಚ್ಚು ಭಾಗ ನೆಲಸಮವಾಗಿತ್ತು.

ರಾಜಧಾನಿಯನ್ನೇ ಬೇರೆ ಊರಿಗೆ ಒಯ್ಯಬೇಕಾ ಅನ್ನೋ ಮಾತೂ ಆಗ ಬಂತು. ಕೊನೆಗೆ ಆದದ್ದು ಬೇರೆ. ಫೆಬ್ರವರಿಯಲ್ಲೇ ಮರುನಿರ್ಮಾಣಕ್ಕೆ ಒಂದು ಕಚೇರಿ ತೆರೆದರು. ಯಾನ್ ಜಾಖ್ವಾತೊವಿಚ್ ಅನ್ನೋ ವಾಸ್ತುಶಿಲ್ಪಿ ಮತ್ತು ಅವರ ಜೊತೆಗಾರರು ಹಳೆಯ ಪಟ್ಟಣವನ್ನು ಇದ್ದ ಹಾಗೇ ಮತ್ತೆ ಕಟ್ಟಬೇಕು ಅಂತ ಪಟ್ಟು ಹಿಡಿದರು.

ಸರಿ, ಆದ್ರೆ ‘ಇದ್ದ ಹಾಗೇ’ ಅಂದ್ರೆ ಹೇಗೆ? ಮನೆಗಳೇ ಇಲ್ಲದಿದ್ದರೆ ಕಿಟಕಿ ಎಲ್ಲಿತ್ತು, ಬಾಗಿಲು ಎಷ್ಟು ಅಗಲ ಇತ್ತು ಅಂತ ಯಾರು ಹೇಳಬೇಕು?

ಇಲ್ಲಿ ವಿದ್ಯಾರ್ಥಿಗಳು ಬರ್ತಾರೆ. ಯುದ್ಧಕ್ಕೂ ಮೊದಲು ವಾರ್ಸಾ ಪಾಲಿಟೆಕ್ನಿಕ್‌ನ ವಾಸ್ತುಶಿಲ್ಪ ವಿದ್ಯಾರ್ಥಿಗಳು ಹಳೆಯ ಕಟ್ಟಡಗಳನ್ನು ಟೇಪ್ ಹಿಡಿದು ಅಳೆದು ನಕ್ಷೆ ಬರೆದಿದ್ದರು. ಆಗ ಅದು ಬರೀ ಕಾಲೇಜಿನ ಕೆಲಸ. ಊರು ಉರಿಯುತ್ತಿದ್ದ ದಿನಗಳಲ್ಲಿ ಆ ನಕ್ಷೆಗಳಲ್ಲಿ ದೊಡ್ಡ ಪಾಲನ್ನು ಪಿಯೊತ್ರ್ಕುಫ್ ಅನ್ನೋ ಊರಿನ ಮಠವೊಂದಕ್ಕೆ ಸಾಗಿಸಿ ಬಚ್ಚಿಟ್ಟರು. ಯುದ್ಧ ಮುಗಿದ ಮೇಲೆ ಅವೇ ಆಧಾರವಾದವು.

ಇನ್ನೊಂದು ಆಧಾರ ಚಿತ್ರಕಲೆ. ಬರ್ನಾರ್ಡೊ ಬೆಲೊಟ್ಟೊ ಅನ್ನೋ ಇಟಲಿಯ ಚಿತ್ರಕಾರ 1770ರ ದಶಕದಲ್ಲಿ ಪೋಲೆಂಡಿನ ರಾಜನ ಆಸ್ಥಾನದಲ್ಲಿದ್ದು ವಾರ್ಸಾದ ಬೀದಿಗಳನ್ನು ಬಲು ವಿವರವಾಗಿ ಬಿಡಿಸಿದ್ದ. ಕಟ್ಟುವವರು ಆ ಚಿತ್ರಗಳನ್ನೂ ಮುಂದಿಟ್ಟುಕೊಂಡರು. ಆದ್ರೆ ಚಿತ್ರಕಾರ ಕ್ಯಾಮೆರಾ ಅಲ್ಲವಲ್ಲ! ಕಣ್ಣಿಗೆ ಚೆಂದ ಕಾಣಲಿ ಅಂತ ಆತ ಅಲ್ಲಲ್ಲಿ ಬದಲಾವಣೆ ಮಾಡಿದ್ದ. ಹಾಗಾಗಿ ವಾರ್ಸಾದಲ್ಲಿ ಇವತ್ತು ಕಾಣೋ ಕೆಲವು ಮುಂಭಾಗಗಳು 1939ರಲ್ಲಿ ಇದ್ದ ಹಾಗಿಲ್ಲ, ಚಿತ್ರದಲ್ಲಿ ಇರುವ ಹಾಗಿವೆ.

1953ರ ಜುಲೈನಲ್ಲಿ ಹಳೆಯ ಮಾರುಕಟ್ಟೆ ಚೌಕ ಜನರಿಗೆ ತೆರೆಯಿತು. ಅರಮನೆ ಮಾತ್ರ ಬಹಳ ಕಾಯಬೇಕಾಯಿತು. ಅದನ್ನು ಕಟ್ಟೋ ತೀರ್ಮಾನ ಆದದ್ದು 1971ರಲ್ಲಿ. ಅದರ ಗೋಪುರದ ಗಡಿಯಾರವನ್ನು 1974ರಲ್ಲಿ ಮತ್ತೆ ಓಡಿಸಿದಾಗ ಸಮಯ 11 ಗಂಟೆ 15 ನಿಮಿಷ. 1939ರ ಸೆಪ್ಟೆಂಬರ್ 17ರಂದು ಬಾಂಬ್ ದಾಳಿಯಲ್ಲಿ ಹಳೆಯ ಗಡಿಯಾರ ನಿಂತದ್ದೂ ಅದೇ ಹೊತ್ತಿಗೆ. 1980ರಲ್ಲಿ ಯುನೆಸ್ಕೊ ಈ ಪಟ್ಟಣವನ್ನು ಪಟ್ಟಿಗೆ ಸೇರಿಸಿತು. ಹಳೆಯದು ಅಂತ ಅಲ್ಲ, ಬಹುತೇಕ ಪೂರ್ತಿ ನಾಶವಾದದ್ದನ್ನು ಮತ್ತೆ ಕಟ್ಟಿದ ಅಪರೂಪದ ಉದಾಹರಣೆ ಅಂತ.

ಇಲ್ಲಿಗೆ ನಿಲ್ಲಿಸಿದರೆ ಇದು ಸೊಗಸಾದ ಕತೆ. ಆದ್ರೆ ಇತಿಹಾಸ ಅಷ್ಟು ಸಲೀಸಲ್ಲ. ಎರಡು ಪ್ರಶ್ನೆ ಕೇಳಬೇಕು.

ಮೊದಲನೆಯದು, ಇಟ್ಟಿಗೆ ಎಲ್ಲಿಂದ ಬಂತು? ಇಡೀ ದೇಶ ತನ್ನ ರಾಜಧಾನಿಯನ್ನು ಕಟ್ಟುತ್ತಿದೆ ಅನ್ನೋದು ಆಗಿನ ಕಮ್ಯುನಿಸ್ಟ್ ಸರ್ಕಾರದ ಘೋಷಣೆ. ಯುದ್ಧದ ನಂತರ ಜರ್ಮನಿಯಿಂದ ಪೋಲೆಂಡಿಗೆ ಸೇರಿದ ವ್ರೋತ್ಸ್ವಾಫ್, ಷ್ಚೆಚಿನ್‌ನಂಥ ಊರುಗಳಿಂದ ರಾಶಿರಾಶಿ ಇಟ್ಟಿಗೆ ವಾರ್ಸಾಕ್ಕೆ ಹೋಯಿತು. ಬಿದ್ದ ಮನೆಗಳದ್ದಷ್ಟೇ ಅಲ್ಲ, ರಿಪೇರಿ ಮಾಡಿ ಉಳಿಸಬಹುದಾಗಿದ್ದ ಕಟ್ಟಡಗಳನ್ನೂ ಕೆಡವಿದರು. ಅಂದ್ರೆ ಒಂದು ಹಳೆಯ ಊರು ಮೇಲೇಳಲು ಬೇರೆ ಹಳೆಯ ಊರುಗಳು ಇನ್ನಷ್ಟು ಕರಗಿದವು.

ಎರಡನೆಯದು, ಯಾವುದನ್ನು ಮತ್ತೆ ಕಟ್ಟಲಿಲ್ಲ? ಯುದ್ಧಕ್ಕೆ ಮೊದಲು ವಾರ್ಸಾದ ಜನಸಂಖ್ಯೆಯಲ್ಲಿ ಸುಮಾರು ಶೇ 30ರಷ್ಟು ಯಹೂದಿಗಳಿದ್ದರು. 1940ರ ನವೆಂಬರ್‌ನಲ್ಲಿ ನಾಜಿಗಳು ಅವರನ್ನು ಗೋಡೆಯೊಳಗೆ ಕೂಡಿಹಾಕಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಒಂದು ಗೆಟ್ಟೊದಲ್ಲಿ. 1942ರ ಬೇಸಿಗೆಯಲ್ಲಿ ಅವರಲ್ಲಿ ಬಹುಪಾಲು ಜನರನ್ನು ಟ್ರೆಬ್ಲಿಂಕಾ ಶಿಬಿರಕ್ಕೆ ಸಾಗಿಸಿ ಕೊಂದರು. 1943ರ ಏಪ್ರಿಲ್ 19ರಂದು ಉಳಿದವರು ದಂಗೆ ಎದ್ದಾಗ ಇಡೀ ಪ್ರದೇಶವನ್ನು ಸುಟ್ಟು ಕೆಡವಿದರು. ಆ ಬೀದಿಗಳನ್ನು ಯಾರೂ ಇದ್ದ ಹಾಗೆ ಮತ್ತೆ ಕಟ್ಟಲಿಲ್ಲ. ಅವಶೇಷದ ರಾಶಿ ಎಷ್ಟಿತ್ತು ಅಂದ್ರೆ ಅದನ್ನು ಪೂರ್ತಿ ತೆಗೆಯೋದೇ ಆಗದೆ, ಅದರ ಮೇಲೇ ಮುರಾನುಫ್ ಅನ್ನೋ ಹೊಸ ಬಡಾವಣೆ ಎದ್ದಿತು. ಅವಶೇಷವನ್ನೇ ಪುಡಿಮಾಡಿ ಗೋಡೆಗೂ ಬಳಸಿದರು. ಇವತ್ತು ಅಲ್ಲಿ ನಡೆದರೆ ಕೆಲವು ಅಪಾರ್ಟ್‌ಮೆಂಟ್‌ಗಳು ರಸ್ತೆಗಿಂತ ಎತ್ತರದ ದಿಣ್ಣೆಯ ಮೇಲೆ ಕಾಣುತ್ತವೆ, ಮೆಟ್ಟಿಲು ಹತ್ತಿ ಹೋಗಬೇಕು. ದಿಣ್ಣೆಯೊಳಗೆ ಇರುವುದು ಆ ಊರು. ಹಳೆಯ ಪಟ್ಟಣದಿಂದ ಅಲ್ಲಿಗೆ ನಡೆದೇ ಹೋಗಬಹುದು. ಪೋಲೆಂಡಿನ ಯಹೂದಿಗಳ ಇತಿಹಾಸ ಹೇಳುವ ‘ಪೊಲಿನ್’ ಮ್ಯೂಸಿಯಂ ಕೂಡ ಅಲ್ಲೇ ಇದೆ.

ಈಗ ರೈಲು ಹತ್ತಿ ಕ್ರಾಕೋವ್‌ಗೆ ಬನ್ನಿ. ಇದು ಯುದ್ಧದಲ್ಲಿ ಹೆಚ್ಚು ಪೆಟ್ಟು ತಿನ್ನದ ಊರು. ನಾಜಿ ಗವರ್ನರ್ ಹಾನ್ಸ್ ಫ್ರಾಂಕ್ ಇಲ್ಲಿನ ವಾವೆಲ್ ಕೋಟೆಯನ್ನೇ ತನ್ನ ಮನೆ ಮಾಡಿಕೊಂಡಿದ್ದ. ಒಂದೊಂದು ಬದಿಯೂ ಸುಮಾರು 200 ಮೀಟರ್ ಉದ್ದದ ದೊಡ್ಡ ಚೌಕದ ವಿನ್ಯಾಸ 1257ರದ್ದು. ಪಕ್ಕದ ಸೇಂಟ್ ಮೇರಿ ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ ಕಹಳೆ ಊದುತ್ತಾರೆ, ನಾಲ್ಕೂ ದಿಕ್ಕಿಗೆ. ರಾಗ ನಡುವೆಯೇ ಥಟ್ಟನೆ ನಿಲ್ಲುತ್ತದೆ. ಟಾಟರ್ ಸೈನಿಕನ ಬಾಣ ಕಹಳೆಗಾರನ ಗಂಟಲಿಗೆ ತಗುಲಿದ ನೆನಪಿಗೆ ಹಾಗೆ ಅಂತ ದಂತಕತೆ.

ಚಳಿಗಾಲಕ್ಕೇ ಸೇರಿದ ಒಂದು ಸಂಗತಿಯೂ ಇಲ್ಲಿದೆ. ಅದು ಷೊಪ್ಕಾ, ಅಂದ್ರೆ ಕ್ರಿಸ್‌ಮಸ್ ಗೋದಲಿ. ಮಿರಿಮಿರಿ ಮಿಂಚುವ ಬಣ್ಣದ ಹಾಳೆಗಳಲ್ಲಿ ಕ್ರಾಕೋವ್‌ನ ಗೋಪುರಗಳನ್ನೇ ಮಾದರಿಯಾಗಿಟ್ಟು ಮಾಡ್ತಾರೆ. 19ನೇ ಶತಮಾನದಲ್ಲಿ ಇದನ್ನು ಮಾಡುತ್ತಿದ್ದವರಲ್ಲಿ ಬಹಳ ಮಂದಿ ಗಾರೆ ಕೆಲಸದವರು. ಹಿಮ ಬಿದ್ದರೆ ಕಟ್ಟಡದ ಕೆಲಸ ಇಲ್ಲ, ಹೊಟ್ಟೆಪಾಡಿಗೆ ಪುಟ್ಟ ಗೋಪುರ ಕಟ್ಟಿ ಮಾರುತ್ತಿದ್ದರು. 1937ರಲ್ಲಿ ಇದಕ್ಕೆ ಸ್ಪರ್ಧೆ ಶುರುವಾಯಿತು, ಯುದ್ಧಕಾಲದಲ್ಲಿ ನಿಂತು 1945ರಲ್ಲಿ ಮತ್ತೆ ಆರಂಭವಾಯಿತು. ಈಗಲೂ ಡಿಸೆಂಬರ್‌ನ ಮೊದಲ ಗುರುವಾರ ಎಲ್ಲರೂ ತಮ್ಮ ಷೊಪ್ಕಾ ಹಿಡಿದು ಚೌಕಕ್ಕೆ ಬರ್ತಾರೆ.

ಚೌಕದಿಂದ ತುಸು ದೂರ ನಡೆದರೆ ಕಾಜಿಮೇಷ್ ಬಡಾವಣೆ. ಶತಮಾನಗಳ ಕಾಲ ಯಹೂದಿಗಳು ಬದುಕಿದ ಜಾಗ. ಇಲ್ಲಿನ ಸಿನಗಾಗ್‌ಗಳು, ಸ್ಮಶಾನ, ಮನೆಗಳು ನಿಂತಿವೆ. ಜನ ಇಲ್ಲ. ಯುದ್ಧಕ್ಕೆ ಮುಂಚೆ ಕ್ರಾಕೋವ್‌ನ ಸುಮಾರು ಕಾಲು ಭಾಗ ಜನ ಯಹೂದಿಗಳು. ಅವರನ್ನು ನದಿಯಾಚೆಯ ಗೆಟ್ಟೊಕ್ಕೆ ತಳ್ಳಿ, 1943ರ ಮಾರ್ಚ್‌ನಲ್ಲಿ ಅದನ್ನೂ ಖಾಲಿ ಮಾಡಿಸಿದರು. ಆ ಚೌಕದಲ್ಲಿ ಇವತ್ತು ಲೋಹದ ದೊಡ್ಡ ಖಾಲಿ ಕುರ್ಚಿಗಳನ್ನು ಇಟ್ಟಿದ್ದಾರೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಾರ್ಸಾದ ಹಳೆಯ ಪಟ್ಟಣದಲ್ಲಿ ಗೋಡೆ ಹೊಸದು, ಆದ್ರೆ ಅದನ್ನು ಬಿಟ್ಟುಕೊಡದ ಜನ ಇದ್ದರು. ಕಾಜಿಮೇಷ್‌ನಲ್ಲಿ ಗೋಡೆ ಅಸಲಿ, ಆದ್ರೆ ಅದು ಯಾರ ಊರಾಗಿತ್ತೋ ಅವರೇ ಇಲ್ಲ. ಮುರಾನುಫ್‌ನಲ್ಲಿ ಎರಡೂ ಇಲ್ಲ. ಹೀಗಿರುವಾಗ ವಾರ್ಸಾವನ್ನು ‘ನಕಲಿ’, ‘ಸೆಟ್ ಹಾಕಿದ ಹಾಗಿದೆ’ ಅಂದುಬಿಡೋದು ಸುಲಭ, ಆದ್ರೆ ಸರಿಯಲ್ಲ. ಅಸಲಿ ಗೋಡೆ ಇದ್ದ ಮಾತ್ರಕ್ಕೆ ಊರು ಉಳಿಯಿತು ಅನ್ನೋದೂ ಸರಿಯಲ್ಲ. ಒಂದು ಊರನ್ನು ಮತ್ತೆ ಕಟ್ಟೋದು ಅಂದ್ರೆ ಯಾವ ನೆನಪು ಬೇಕು, ಯಾವುದು ಬೇಡ ಅಂತ ಆರಿಸೋದು ಕೂಡ. ಆ ಆಯ್ಕೆಯ ಹೊತ್ತಿಗೆ ಕೇಳೋಕೆ ಬದುಕಿ ಉಳಿದವರಿದ್ದರಾ ಅನ್ನೋದು ದೊಡ್ಡ ಪ್ರಶ್ನೆ.

ಹೋಗುವವರಿಗೆ ಎರಡು ಕಿವಿಮಾತು. ಡಿಸೆಂಬರ್ ಕೊನೆಯಲ್ಲಿ ವಾರ್ಸಾದಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗ್ತಾನೆ. ಹಾಗಾಗಿ ಬೆಳಗ್ಗೆ ಬೇಗ ಹೊರಟು ಬೀದಿ ಸುತ್ತಿ, ಮ್ಯೂಸಿಯಂಗಳನ್ನು ಸಂಜೆಗೆ ಇಟ್ಟುಕೊಳ್ಳಿ. 24, 25 ಮತ್ತು 26 ರಜೆ, ಅಂಗಡಿಗಳು ಮುಚ್ಚಿರುತ್ತವೆ. ಊಟಕ್ಕೆ ಮೊದಲೇ ಏರ್ಪಾಡು ಮಾಡಿಕೊಳ್ಳಿ. 24ರ ರಾತ್ರಿಯ ಹಬ್ಬದೂಟದಲ್ಲಿ ಅಲ್ಲಿನ ಮನೆಗಳಲ್ಲಿ ಒಂದು ತಟ್ಟೆ ಹೆಚ್ಚಾಗಿ ಇಡ್ತಾರೆ, ಕರೆಯದೆ ಬರುವ ಅತಿಥಿಗೆ ಅಂತ.

ಮತ್ತೆ ವಾರ್ಸಾದ ಚೌಕದಲ್ಲಿ ನಿಂತಾಗ, ಫೋಟೊ ತೆಗೆದುಕೊಂಡ ಮೇಲೆ ಒಂದರ್ಧ ಗಂಟೆ ಉಳಿಸಿಕೊಂಡು ಮುರಾನುಫ್ ಕಡೆಗೂ ನಡೆದು ಬನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.