ಪುಟ್ಟ ಊರಿನ ಐದು ಗುಡಿಗಳು

ಮಂಡ್ಯ ಜಿಲ್ಲೆ ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ ಕಿಕ್ಕೇರಿಗೆ ಸಮೀಪದ ಸಣ್ಣ ಊರು. ಸಮುದ್ರ ಮಟ್ಟದಿಂದ ಎರಡೂವರೆ ಸಾವಿರ ಅಡಿಗೂ ಎತ್ತರದಲ್ಲಿರುವ ಮೈಸೂರು ಪ್ರಸ್ಥಭೂಮಿಯ ಹೊಲಗದ್ದೆಗಳ ನಡುವೆ ಇಂಥ ಹಳ್ಳಿಗಳು ನೂರಾರು ಇವೆ. ಊರಿನ ಹೆಸರು ವಿಷ್ಣುವಿನದು. ಅದಕ್ಕೆ ಕೀರ್ತಿ ತಂದಿರುವುದು ಮಾತ್ರ ಶಿವಾಲಯ. ಸುಮಾರು ಕ್ರಿ.ಶ. 1238ರಲ್ಲಿ, ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದಲ್ಲಿ ಕಟ್ಟಲಾದ ಪಂಚಲಿಂಗೇಶ್ವರ ದೇವಾಲಯ ಇಲ್ಲಿದೆ.

ಹೊಯ್ಸಳರ ಗುಡಿಗಳಲ್ಲಿ ಒಂದು ಗರ್ಭಗೃಹದ ಏಕಕೂಟ ಸಾಮಾನ್ಯ. ಹಳೇಬೀಡಿನದು ದ್ವಿಕೂಟ, ಸೋಮನಾಥಪುರದ್ದು ತ್ರಿಕೂಟ. ಹಾಸನದ ಬಳಿಯ ದೊಡ್ಡಗದ್ದವಳ್ಳಿಯದು ಚತುಷ್ಕೂಟ. ಐದು ಗರ್ಭಗೃಹಗಳ ಪಂಚಕೂಟ ತೀರಾ ಅಪರೂಪ. ಆ ಅಪರೂಪದ ರಚನೆ ಸಿಗುವುದು ರಾಜಧಾನಿ ದ್ವಾರಸಮುದ್ರದಲ್ಲಲ್ಲ, ಈ ಹಳ್ಳಿಯಲ್ಲಿ. ಇದು ಹೇಗಾಯಿತು?

ಐದು ಮುಖ, ಒಂದೇ ಸಾಲು

ಐದೂ ಗುಡಿಗಳು ಉತ್ತರ ದಕ್ಷಿಣವಾಗಿ ಒಂದೇ ಸಾಲಿನಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿವೆ. ಪ್ರತಿಯೊಂದಕ್ಕೂ ತನ್ನದೇ ಗರ್ಭಗೃಹ, ಸುಕನಾಸಿ, ಮೇಲೊಂದು ಶಿಖರ. ಇವನ್ನೆಲ್ಲ ಬೆಸೆಯುವುದು ಕಡೆದ ಕಂಬಗಳ ಉದ್ದನೆಯ ಮಂಟಪ. ಮೊದಲು ನಾಲ್ಕೇ ಗುಡಿಗಳಿದ್ದು, ತುದಿಯ ಐದನೆಯದನ್ನು ನಂತರ ಸೇರಿಸಿರಬಹುದು ಎಂಬುದು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೂ ಐದು ಎಂಬ ಸಂಖ್ಯೆ ಬರಿಯ ಲೆಕ್ಕವಲ್ಲ. ಶೈವ ಸಂಪ್ರದಾಯದಲ್ಲಿ ಶಿವನಿಗೆ ಈಶಾನ, ತತ್ಪುರುಷ, ಅಘೋರ, ವಾಮದೇವ, ಸದ್ಯೋಜಾತ ಎಂಬ ಐದು ಮುಖಗಳಿವೆ.

ಕಟ್ಟಡಕ್ಕೆ ಬಳಸಿರುವುದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು ಇದು. ಒಡವೆಯಂಥ ಸೂಕ್ಷ್ಮ ಕೆತ್ತನೆ ಹೊಯ್ಸಳ ಶಿಲ್ಪಿಗಳಿಗೆ ಸಾಧ್ಯವಾದದ್ದು ಇದರಿಂದಲೇ.

ದೊರೆ ದೂರ, ಊರು ಹತ್ತಿರ

ಸೋಮೇಶ್ವರ ತನ್ನ ಆಳ್ವಿಕೆಯ ಬಹುಕಾಲವನ್ನು ಕಳೆದದ್ದು ತಮಿಳುನಾಡಿನ ಶ್ರೀರಂಗದ ಬಳಿಯ ಕಣ್ಣಾನೂರಿನಲ್ಲಿ. ಆದರೆ ದೊರೆ ದೂರವಿದ್ದ ಮಾತ್ರಕ್ಕೆ ಇಲ್ಲಿ ಗುಡಿ ಕಟ್ಟುವ ಕೆಲಸ ನಿಲ್ಲಲಿಲ್ಲ. ನುಗ್ಗೇಹಳ್ಳಿಯ ದೇವಾಲಯವನ್ನು 1246ರಲ್ಲಿ ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಮುಂದೆ ಮೂರನೆಯ ನರಸಿಂಹನ ಕಾಲದಲ್ಲಿ, 1258ರಲ್ಲಿ, ಸೋಮನಾಥಪುರದ ಕೇಶವ ದೇವಾಲಯ ಎದ್ದದ್ದು ಸೋಮನಾಥ ದಂಡನಾಯಕನಿಂದ. ದೊಡ್ಡಗದ್ದವಳ್ಳಿಯ ಗುಡಿಯಂತೂ ವರ್ತಕನೊಬ್ಬ ಮಡದಿಯೊಡನೆ ಕಟ್ಟಿಸಿದ್ದು. ಅಧಿಕಾರಿಗಳು, ವರ್ತಕರು, ಅಗ್ರಹಾರದ ಮಹಾಜನರು ಊರು ಕಟ್ಟಿ, ಕೆರೆ ತೋಡಿಸಿ, ಗುಡಿಗೆ ಭೂಮಿ ಬಿಡುತ್ತಿದ್ದರು. ಕೆರೆಯ ನೀರು ಗದ್ದೆಗೆ, ಗದ್ದೆಯ ಫಸಲು ಗುಡಿಯ ದೀಪಕ್ಕೆ. ಈ ಏರ್ಪಾಡಿನಲ್ಲಿ ಊರು ಸಣ್ಣದೇ, ದೊಡ್ಡದೇ ಎಂಬುದು ಮುಖ್ಯವಾಗಿರಲಿಲ್ಲ. ಇದೇ ತಾಲ್ಲೂಕಿನ ಕಿಕ್ಕೇರಿ, ಹೊಸಹೊಳಲುಗಳಲ್ಲೂ ಹೊಯ್ಸಳರ ಕಾಲದ ಸುಂದರ ಗುಡಿಗಳಿರುವುದು ಇದಕ್ಕೆ ಸಾಕ್ಷಿ.

ಹೆಸರು ಬರೆದ ರೂವಾರಿ

ಹಣ ಊರಿನದಾದರೂ ಕೈಚಳಕ ಊರೂರು ಸುತ್ತುತ್ತಿತ್ತು. ಗೋವಿಂದನಹಳ್ಳಿಯ ಶಿಲ್ಪದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. 1196ರ ಅಮೃತಾಪುರದ ಗುಡಿಯಿಂದ ಹಿಡಿದು ಸೋಮನಾಥಪುರದವರೆಗೆ ಈ ಹೆಸರು ಕಾಣಿಸುತ್ತದೆ. ಇವೆಲ್ಲ ಒಬ್ಬನೇ ವ್ಯಕ್ತಿಯ ಕೆಲಸವಾದರೆ ಅವನು ಉಳಿ ಹಿಡಿದದ್ದು ಅರವತ್ತು ವರ್ಷಕ್ಕೂ ಹೆಚ್ಚು ಕಾಲ!

ಮಧ್ಯಯುಗದ ಯೂರೋಪಿನಲ್ಲಿ ಶಿಲ್ಪಿಯ ಹೆಸರು ಸಿಗುವುದು ಕಡಿಮೆ. ಫ್ರಾನ್ಸಿನ ಓತಂ ಪಟ್ಟಣದ ಚರ್ಚಿನ ಬಾಗಿಲ ಮೇಲೆ ‘ಗಿಸ್ಲೆಬೆರ್ತುಸ್’ ಎಂದು ಕೆತ್ತಿದೆ. ಅವನು ಶಿಲ್ಪಿಯೋ, ಚರ್ಚಿಗೆ ನೆರವಾದ ಪೋಷಕನೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮಲ್ಲಿತಮ್ಮನ ವಿಷಯದಲ್ಲಿ ಆ ಗೊಂದಲವಿಲ್ಲ. ಹೆಸರಿನ ಜತೆಗಿರುವ ‘ರೂವಾರಿ’ ಎಂಬ ಮಾತೇ ಅವನ ಕಸುಬನ್ನು ಹೇಳುತ್ತದೆ. ಇಂದು ಯಾವುದೇ ಗೆಲುವಿನ ಹಿಂದಿರುವವರನ್ನು ಅದರ ರೂವಾರಿ ಎನ್ನುತ್ತೇವೆ. ಆ ಪದ ಮೊದಲು ಕಲ್ಲು ಕೆತ್ತುವವನದು.

ಕಾಯುವ ಹೊಣೆ

1311ರಲ್ಲಿ ಮಲಿಕ್ ಕಾಫೂರನ ದಂಡು ದ್ವಾರಸಮುದ್ರಕ್ಕೆ ಬಂತು. ಅದೇ ಶತಮಾನದಲ್ಲಿ ಹೊಯ್ಸಳ ರಾಜ್ಯ ಕೊನೆಗೊಂಡಿತು. ಗುಡಿ ಮಾತ್ರ ಉಳಿಯಿತು. ಇದೀಗ ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ರಾಷ್ಟ್ರೀಯ ಮಹತ್ವದ ಸ್ಮಾರಕ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ; ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಪಟ್ಟಣಕ್ಕೆ 300 ಮೀಟರ್ ಒಂದು ಬೀದಿಯಷ್ಟೆ. ಪುಟ್ಟ ಹಳ್ಳಿಗೆ ಅದು ಊರಿನ ದೊಡ್ಡ ಪಾಲೇ ಆಗಬಹುದು. ನಾಡಿನ ಆಸ್ತಿಯನ್ನು ಕಾಯುವ ಭಾರದಲ್ಲಿ ಒಂದು ಪಾಲು ಹೀಗೆ ಗುಡಿಯ ನೆರೆಯವರ ಮೇಲೆ ಬೀಳುತ್ತದೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಸೋಮನಾಥಪುರದಲ್ಲಿ ಜಗತ್ತು ಮೆಚ್ಚಿದ ಮಲ್ಲಿತಮ್ಮ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಗೋವಿಂದನಹಳ್ಳಿಯಲ್ಲಿ ಉಳಿ ಹಿಡಿದಿದ್ದ. ಪಟ್ಟಿಯಲ್ಲಿ ಈ ಊರಿನ ಹೆಸರಿಲ್ಲ. ಆದರೆ ಹೊಯ್ಸಳರ ಕಲೆ ಅರಮನೆಯ ಅಂಗಳದಲ್ಲಷ್ಟೇ ಬೆಳೆದದ್ದಲ್ಲ, ಕೆರೆ, ಗದ್ದೆಗಳ ಹಳ್ಳಿಗಳಲ್ಲೂ ಬಾಳಿತು ಎಂಬುದನ್ನು ತಿಳಿಯಬೇಕಾದರೆ ಇಲ್ಲಿಗೇ ಬರಬೇಕು.