ಕಾಲೇಜು ರ‍್ಯಾಂಕಿಂಗ್‌ನ ಅಂಕಿಗಳನ್ನು ಎಣಿಸುವವರು ಯಾರು?

ಪಿಯುಸಿ ಫಲಿತಾಂಶ ಬರುತ್ತಿದ್ದಂತೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಕಾಲೇಜು ಪೋಸ್ಟರ್‌ಗಳ ಸುರಿಮಳೆ. ಇಷ್ಟನೇ ರ‍್ಯಾಂಕ್, ಇಷ್ಟು ಲಕ್ಷ ಸರಾಸರಿ ಪ್ಯಾಕೇಜ್. ಇದನ್ನೆಲ್ಲ ಸರ್ಕಾರದವರೇ ಬಂದು ಎಣಿಸಿದ್ದಾರೆ ಎಂದು ನಂಬಿ ಫಾರ್ವರ್ಡ್ ಮಾಡುವವರು ಬಹಳ. ವಾಸ್ತವ ಹಾಗಿಲ್ಲ.

ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಪ್ರಕಟವಾಗುತ್ತಿದೆ. ಸಂಶೋಧನಾ ಪ್ರಬಂಧಗಳ ಲೆಕ್ಕ ಹೊರಗಿನ ದತ್ತಾಂಶ ಸಂಗ್ರಹಗಳಿಂದ ಬರುತ್ತದೆ. ಆದರೆ ವಿದ್ಯಾರ್ಥಿಗಳೆಷ್ಟು, ಅಧ್ಯಾಪಕರೆಷ್ಟು, ಖರ್ಚೆಷ್ಟು, ಕೆಲಸ ಸಿಕ್ಕಿದ್ದು ಎಷ್ಟು ಜನರಿಗೆ ಎಂಬುದನ್ನು ತುಂಬಿ ಕಳಿಸುವುದು ಆಯಾ ಸಂಸ್ಥೆಯೇ.

ಸ್ವಂತ ಲೆಕ್ಕ ಎಷ್ಟು ತಪ್ಪಬಹುದು? ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ನೋಡೋಣ. ಯುಎಸ್ ನ್ಯೂಸ್ ಪಟ್ಟಿಯಲ್ಲಿ ಅದು 2ನೇ ಸ್ಥಾನದಲ್ಲಿತ್ತು. ನಮ್ಮ ಶೇ. 82.5ರಷ್ಟು ತರಗತಿಗಳಲ್ಲಿ 20ಕ್ಕಿಂತ ಕಡಿಮೆ ವಿದ್ಯಾರ್ಥಿಗಳಿದ್ದಾರೆ ಎಂದು ಅದು ಹೇಳಿಕೊಂಡಿತ್ತು. 2022ರ ಫೆಬ್ರವರಿಯಲ್ಲಿ ಅಲ್ಲಿನವರೇ ಆದ ಗಣಿತ ಪ್ರಾಧ್ಯಾಪಕ ಮೈಕೆಲ್ ಥ್ಯಾಡಿಯಸ್ ಸಾರ್ವಜನಿಕವಾಗಿ ಲಭ್ಯವಿದ್ದ ತರಗತಿ ಪಟ್ಟಿಯನ್ನೇ ಕೂತು ಲೆಕ್ಕ ಹಾಕಿದರು. ತಾಳೆಯಾಗಲಿಲ್ಲ. ಆಸ್ಪತ್ರೆಯ ರೋಗಿಗಳ ಆರೈಕೆಗೆ ಮಾಡಿದ ಖರ್ಚೂ ಬೋಧನೆಯ ಲೆಕ್ಕಕ್ಕೆ ಸೇರಿದೆ ಎಂದೂ ಅವರು ವಾದಿಸಿದರು. ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯ ತಪ್ಪೊಪ್ಪಿಕೊಂಡಿತು. ಹೊಸ ಲೆಕ್ಕದಲ್ಲಿ ಸಣ್ಣ ತರಗತಿಗಳು ಸುಮಾರು ಶೇ. 57 ಮಾತ್ರ! ಸ್ಥಾನ 18ಕ್ಕೆ ಇಳಿಯಿತು.

ಎಲ್ಲ ತಪ್ಪೂ ಮೋಸವೇ ಆಗಿರಬೇಕಿಲ್ಲ. ಆಗಸ್ಟ್‌ನಲ್ಲಿ ಸೇರಿ ಡಿಸೆಂಬರ್‌ನಲ್ಲಿ ಬಿಟ್ಟವರು 'ವಿದ್ಯಾರ್ಥಿ'ಯೇ? ಪ್ರವೇಶ ವಿಭಾಗ ಹೌದೆನ್ನಬಹುದು, ಪರೀಕ್ಷಾ ವಿಭಾಗ ಅಲ್ಲವೆನ್ನಬಹುದು. ಎಲ್ಲರಿಗೂ ಒಂದೇ ವ್ಯಾಖ್ಯೆ, ಒಂದೇ ಎಣಿಕೆಯ ದಿನಾಂಕ ಇಲ್ಲದಿದ್ದರೆ ಒಂದೇ ಸಂಸ್ಥೆಯಿಂದ ಮೂರು ಸಂಖ್ಯೆ ಹೊರಬೀಳುತ್ತದೆ. ಎಷ್ಟು ಅಧ್ಯಾಪಕರು ಬೇಕು, ಹಾಸ್ಟೆಲ್‌ಗೆ ಎಷ್ಟು ಕೊಠಡಿ ಸಾಲದು ಎಂಬುದೂ ಇದೇ ಸಂಖ್ಯೆಯ ಮೇಲೆ ತೀರ್ಮಾನವಾಗಬೇಕು. ಪೋಸ್ಟರ್‌ಗಿಂತ ನಮಗೆ ಆತಂಕ ಇದರದ್ದೇ.

ಇನ್ನು ಪ್ಯಾಕೇಜ್. ಐವರಿಗೆ 3, 3, 4, 4, 46 ಲಕ್ಷ ಸಂಬಳ ಸಿಕ್ಕಿತೆನ್ನಿ. ಸರಾಸರಿ 12 ಲಕ್ಷ. ಆದರೆ ನಾಲ್ವರಿಗೆ ಅದರ ಹತ್ತಿರವೂ ಸಿಕ್ಕಿಲ್ಲ. ಏರಿಕೆ ಕ್ರಮದಲ್ಲಿ ನಡುವೆ ಬರುವ ಸಂಖ್ಯೆಗೆ ಮಧ್ಯಾಂಕ ಎನ್ನುತ್ತಾರೆ. ಇಲ್ಲಿ ಅದು 4 ಲಕ್ಷ. ಎನ್‌ಐಆರ್‌ಎಫ್ ಕೇಳುವುದು ಈ ಮಧ್ಯಾಂಕವನ್ನೇ.

ಸಂಸ್ಥೆಗಳು ಎನ್‌ಐಆರ್‌ಎಫ್‌ಗೆ ಕೊಟ್ಟ ಮಾಹಿತಿಯನ್ನು ತಮ್ಮ ವೆಬ್‌ಸೈಟ್‌ನಲ್ಲೂ ಹಾಕಬೇಕು. ಕಾಲೇಜಿನ ಹೆಸರಿನ ಜೊತೆ 'ಎನ್‌ಐಆರ್‌ಎಫ್' ಎಂದು ಹುಡುಕಿ, ಆ ಪಿಡಿಎಫ್ ತೆರೆಯಿರಿ. ಎಷ್ಟು ಜನ ಸೇರಿದ್ದರು, ಎಷ್ಟು ಜನ ಸಮಯಕ್ಕೆ ಸರಿಯಾಗಿ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಮಧ್ಯಾಂಕ ಸಂಬಳ ಎಷ್ಟು ಎಂದು ನೋಡಿ, ಪೋಸ್ಟರ್ ಪಕ್ಕದಲ್ಲಿಟ್ಟು ಹೋಲಿಸಿ. ವ್ಯತ್ಯಾಸ ಕಂಡರೆ ಫೀಸು ಕಟ್ಟುವ ಮುಂಚೆಯೇ ಕಾಲೇಜಿನವರನ್ನು ಕೇಳಿ.