ಎಣ್ಣೆ ಬೀಳಬಾರದ ನೀರು

ಬೆಂಗಳೂರಿನಿಂದ ಸೇಲಂ ಕಡೆಗೆ ಹೊರಟ ಲಾರಿಗಳು ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿಯಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿಯುತ್ತವೆ. ಹೆದ್ದಾರಿ ಬರುವುದಕ್ಕೆ ಬಹಳ ಮೊದಲು ಇದು ದಂಡುಗಳ ದಾರಿಯಾಗಿತ್ತು. 1790ರ ನವೆಂಬರಿನಲ್ಲಿ ಟಿಪ್ಪು ಸುಲ್ತಾನ ಬ್ರಿಟಿಷ್ ಜನರಲ್ ಮೆಡೋಸ್‌ನ ಸೈನ್ಯದ ಕೈಗೆ ಸಿಗದೆ ಇದೇ ಕಣಿವೆಯಿಂದ ತೆಂಕಣಕ್ಕೆ ಇಳಿದುಹೋದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಧರ್ಮಪುರಿಯ ಸುತ್ತಲಿನ ಬಾರಾಮಹಲ್ ಮತ್ತು ಸೇಲಂ ಸೀಮೆ ಮೈಸೂರಿನ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಕನ್ನಡ ಮಾತಾಡುವ ಮನೆಗಳು ಇಲ್ಲೇ ಉಳಿದವು. ಈ ಯುದ್ಧಗಳ ಕಥೆ ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಇಲ್ಲಿನ ನೀರು, ಸೊಳ್ಳೆ, ಜ್ವರಗಳ ಕಥೆಯನ್ನು ಮಾತ್ರ ಅಲ್ಲಿಂದಿಲ್ಲಿಂದ ಹೆಕ್ಕಿ ಜೋಡಿಸಿಕೊಳ್ಳಬೇಕು.

ಇದು ಮಳೆ ಕಡಿಮೆಯ ಸೀಮೆ. ಶೇವರಾಯ್ ಬೆಟ್ಟಗಳ ಕಡೆಯಿಂದ ಬರುವ ತೊಪ್ಪೂರು ಹೊಳೆಯಲ್ಲಿ ವರ್ಷದ ಬಹುಪಾಲು ಕಲ್ಲು, ಮರಳೇ ಕಾಣುತ್ತವೆ. ಧರ್ಮಪುರಿಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆ ಕಾರಣಕ್ಕೇ ಬಂದದ್ದು ಹೊಗೇನಕಲ್ ಕುಡಿಯುವ ನೀರಿನ ಯೋಜನೆ. 2008ರಲ್ಲಿ ಎರಡು ರಾಜ್ಯಗಳ ನಡುವೆ ಅದು ಎಬ್ಬಿಸಿದ ಗಲಾಟೆ ಕನ್ನಡಿಗರಿಗೆ ನೆನಪಿದೆ. 2013ರಲ್ಲಿ ಯೋಜನೆ ಉದ್ಘಾಟನೆಯಾಯಿತು. ನೀರು ಅಪರೂಪವಾದ ಕಡೆ ಜನ ಅದನ್ನು ಹಿಡಿದಿಡುತ್ತಾರೆ: ಸಿಮೆಂಟ್ ತೊಟ್ಟಿ, ಪ್ಲಾಸ್ಟಿಕ್ ಡ್ರಮ್ಮು, ತಾರಸಿಯ ಟ್ಯಾಂಕು, ಹಿತ್ತಲ ಬಾವಿ. ಸೊಳ್ಳೆಯ ವಿರುದ್ಧ ನೀರಿನ ಮೇಲೆ ಎಣ್ಣೆ ಬಿಡುವ ಹಳೆಯ ಉಪಾಯ ತಡವರಿಸಿದ್ದು ಈ ಪಾತ್ರೆಗಳ ಮುಂದೆಯೇ.

ನಿಂತ ನೀರಿಗೂ ಸೊಳ್ಳೆಗೂ ಇರುವ ನಂಟು ಬೆಂಗಳೂರಿನಲ್ಲೇ ಒಬ್ಬರ ಕಣ್ಣಿಗೆ ಬಿದ್ದಿತ್ತು. 1883ರಲ್ಲಿ ದಂಡು ಪ್ರದೇಶದ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯ ಕಿಟಕಿಯ ಬಳಿ ಇದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳನ್ನು ಕಂಡು ಅದನ್ನು ಬರಿದು ಮಾಡಿಸಿದ, ಕಾಟ ಕಡಿಮೆಯಾಯಿತು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂಬ ಸುಳಿವು ಅವನಿಗೆ ಸಿಕಂದರಾಬಾದಿನಲ್ಲಿ ಸಿಕ್ಕಿದ್ದು ಹದಿನಾಲ್ಕು ವರ್ಷಗಳ ನಂತರ, 1897ರಲ್ಲಿ. ಇವೆರಡರ ನಡುವೆ, 1892ರಲ್ಲಿ, ಅಮೆರಿಕದ ಕೀಟಶಾಸ್ತ್ರಜ್ಞ ಎಲ್.ಒ. ಹೋವರ್ಡ್ ಒಂದು ಹೊಂಡದ ಮೇಲೆ ಸೀಮೆಎಣ್ಣೆ ಸುರಿದು ಸೊಳ್ಳೆ ಮರಿಗಳು ಸಾಯುವುದನ್ನು ದಾಖಲಿಸಿದ್ದ.

ಎಣ್ಣೆ ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಸೊಳ್ಳೆ ಮರಿ ನೀರಿನಲ್ಲಿದ್ದರೂ ಉಸಿರಾಡುವುದು ಗಾಳಿಯನ್ನು. ಕ್ಯೂಲೆಕ್ಸ್ ಮರಿ ಬಾಲದ ತುದಿಯ ನಳಿಗೆಯನ್ನು ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ನೇತಾಡುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಮರಿಗೆ ಆ ನಳಿಗೆಯಿಲ್ಲ; ಅದು ಮೇಲ್ಮೈಗೆ ಒತ್ತಿಕೊಂಡು ಅಡ್ಡಲಾಗಿ ಮಲಗಿರುತ್ತದೆ. ಎಣ್ಣೆಯ ಪದರ ಹರಡಿದರೆ ಉಸಿರಿನ ರಂಧ್ರಕ್ಕೆ ಎಣ್ಣೆ ನುಗ್ಗುತ್ತದೆ. ಹೊಟ್ಟೆಗೆ ಹೋಗಿ ಕೊಲ್ಲುವ ವಿಷಗಳು ಮರಿ ಸೊಳ್ಳೆಯಾಗುವ ಮುಂಚಿನ ಪ್ಯೂಪಾ ಹಂತದಲ್ಲಿ ನಾಟುವುದಿಲ್ಲ, ಏಕೆಂದರೆ ಪ್ಯೂಪಾ ಏನನ್ನೂ ತಿನ್ನುವುದಿಲ್ಲ. ಆದರೆ ಅದಕ್ಕೂ ಉಸಿರು ಬೇಕು. ಎಣ್ಣೆಯ ನಿಜವಾದ ಬಲ ಇಲ್ಲಿದೆ.

ಕಳೆದ ಶತಮಾನದ ಮೊದಲರ್ಧದಲ್ಲಿ ಈ ವಿದ್ಯೆ ಪನಾಮಾ ಕಾಲುವೆಯಿಂದ ಮಲಯದ ರಬ್ಬರ್ ತೋಟಗಳವರೆಗೆ ಹರಡಿತು. ಸೊಳ್ಳೆ ಮರಿಗಳನ್ನು ತಿನ್ನುವ, ಇಟಲಿಯಿಂದ ತಂದ ಗ್ಯಾಂಬೂಸಿಯಾ ಮೀನು 1928ರಲ್ಲಿ ಬೆಂಗಳೂರಿಗೆ ಬಂತು. ಮರುವರ್ಷ ರಾಕ್‌ಫೆಲ್ಲರ್ ಫೌಂಡೇಷನ್ನಿನ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ಶುರುವಾಯಿತು. ತೊಪ್ಪೂರು ಹೊಳೆ ಕಾವೇರಿ ಸೇರುವ ಕಡೆ 1925ರಿಂದ 1934ರವರೆಗೆ ಮೆಟ್ಟೂರು ಅಣೆಕಟ್ಟು ಎದ್ದಿತು. ಅದರ ನೀರು ಹೊಸ ಕಾಲುವೆಗಳಲ್ಲಿ ಹರಿದು ತಂಜಾವೂರಿನ ಪಟ್ಟುಕ್ಕೋಟ್ಟೈ ಮುಟ್ಟಿದಾಗ ಹಿಂದೆಯೇ ಮಲೇರಿಯಾ ಬಂತು. ರಾಕ್‌ಫೆಲ್ಲರ್ ಸಂಸ್ಥೆಯ ಪಾಲ್ ರಸೆಲ್ ಅಲ್ಲಿ ಕುಳಿತು ನೀರಾವರಿ ಮಲೇರಿಯಾದ ಅಧ್ಯಯನ ನಡೆಸಿದರು. 1939ರಲ್ಲಿ ಮದ್ರಾಸ್ ಸರ್ಕಾರ ಸಾರ್ವಜನಿಕ ಆರೋಗ್ಯ ಕಾಯಿದೆ ತಂದಾಗ ಅದರಲ್ಲಿ ಸೊಳ್ಳೆ ನಿಯಂತ್ರಣಕ್ಕೂ ಜಾಗ ಸಿಕ್ಕಿತು. ಸೊಳ್ಳೆ ಹುಟ್ಟುವ ನೀರನ್ನು ಇಟ್ಟುಕೊಂಡವನಿಗೆ ನೋಟಿಸು ಕೊಡುವ ಅಧಿಕಾರ ಆರೋಗ್ಯಾಧಿಕಾರಿಗೆ ಬಂತು.

ನೀರಿಗೆ ಬಿಡುವ ಔಷಧಿಯನ್ನೇ ಪರೀಕ್ಷಿಸುವ ಕಾನೂನು ಆಗ ಇರಲಿಲ್ಲ. ಎಣ್ಣೆಯ ಜೊತೆಜೊತೆಗೇ ಬಳಕೆಯಲ್ಲಿದ್ದ ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿ ತಾಮ್ರ ಮತ್ತು ಆರ್ಸೆನಿಕ್ ಸೇರಿದ ವಿಷ. ಅದನ್ನು ರಸ್ತೆಯ ದೂಳಿನೊಂದಿಗೆ ಬೆರೆಸಿ ನೀರಿನ ಮೇಲೆ ತೂರುತ್ತಿದ್ದರು. ಮರಿ ಸತ್ತಿತೇ ಎಂಬುದೊಂದೇ ಅಂದಿನ ಅಳತೆಗೋಲು. ಆ ಪುಡಿಯ ಚೀಲ ಹೊತ್ತವನ ಶ್ವಾಸಕೋಶ, ಆ ನೀರು ಕುಡಿದ ದನ ಲೆಕ್ಕಕ್ಕೆ ಬರಲಿಲ್ಲ. ಆ ಕಾಲದ ತಜ್ಞರ ಶ್ರದ್ಧೆ ದೊಡ್ಡದು, ನಿಜ; ಆದರೂ ಈ ಮರೆವನ್ನು ಸಣ್ಣದೆನ್ನಲಾಗದು.

ಕಾನೂನು ಬರಲು ಬೇರೆಯೇ ದುರಂತ ನಡೆಯಬೇಕಾಯಿತು. 1958ರ ಬೇಸಿಗೆಯಲ್ಲಿ ಕೇರಳದಲ್ಲಿ ಗೋಧಿ ಹಿಟ್ಟಿನ ತಿಂಡಿ ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿ ಆಹಾರದ ಜೊತೆಗೇ ತಂದಿದ್ದ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಹಿಟ್ಟಿಗೆ ಸೇರಿತ್ತು. ತನಿಖೆ, ತಜ್ಞರ ಸಮಿತಿ ಎಲ್ಲ ಮುಗಿದು ಕೀಟನಾಶಕ ಕಾಯಿದೆ ಹೊರಬಂದದ್ದು 1968ರಲ್ಲಿ, ಜಾರಿಗೆ ಬಂದದ್ದು 1971ರ ಆಗಸ್ಟ್ 1ರಂದು. ಯಾವ ಕೀಟನಾಶಕವೂ ನೋಂದಣಿ ಸಮಿತಿಯ ಒಪ್ಪಿಗೆಯಿಲ್ಲದೆ ಮಾರುಕಟ್ಟೆಗೆ ಬರುವಂತಿಲ್ಲ ಎಂದಾಯಿತು. ಡಬ್ಬಿಯ ಮೇಲೆ ವಿಷದ ಮಟ್ಟಕ್ಕೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಬಂದವು. ಎಚ್ಚರಿಕೆಯ ಮಾತು ಹಿಂದಿ, ಇಂಗ್ಲಿಷ್ ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು ನಿಯಮ ಹೇಳಿತು.

ಅದೇ 1971ರಲ್ಲೇ ಕೇಂದ್ರ ಸರ್ಕಾರ ನಗರ ಮಲೇರಿಯಾ ಯೋಜನೆಯನ್ನು ಕೈಗೆತ್ತಿಕೊಂಡಿತು. 1965ರ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಪ್ರಕರಣಗಳಿಗೆ ಇಳಿದಿದ್ದ ಮಲೇರಿಯಾ ಮತ್ತೆ ಏರತೊಡಗಿತ್ತು; 1976ರಲ್ಲಿ ಅದು 64 ಲಕ್ಷ ದಾಟಿತು. ಯೋಜನೆಗೆ ಸೇರಿದ ಊರುಗಳಲ್ಲಿ ಸೇಲಂ ಕೂಡ ಒಂದು. ಚರಂಡಿ, ಕೊಳಚೆ ಗುಂಡಿಗಳಿಗೆ ಬಿಡುವ ಸೊಳ್ಳೆ ಮರಿ ನಾಶಕ ಎಣ್ಣೆಗೆ ಕಚೇರಿಗಳಲ್ಲಿ ಎಂಎಲ್‌ಒ ಎಂದೇ ಹೆಸರು. ಚದರ ಮೀಟರಿಗೆ 20 ಮಿಲಿಲೀಟರ್, ವಾರಕ್ಕೊಮ್ಮೆ. ಒಂದು ವಾರ ತಪ್ಪಿದರೂ ಮೊಟ್ಟೆಯಿಂದ ಸೊಳ್ಳೆಯಾಗುವಷ್ಟು ಸಮಯ ಸಿಕ್ಕಿಬಿಡುತ್ತದೆ.

ಸೇಲಂನಂಥ ಊರುಗಳಲ್ಲಿ ಮಲೇರಿಯಾ ಹರಡುವುದು ಅನಾಫಿಲಿಸ್ ಸ್ಟೀಫೆನ್ಸಿ. ಅದು ಕೊಳಚೆಯ ಸೊಳ್ಳೆಯಲ್ಲ. ಬಾವಿ, ತಾರಸಿಯ ಟ್ಯಾಂಕು, ಸಿಮೆಂಟ್ ತೊಟ್ಟಿಯ ತಿಳಿನೀರೇ ಅದಕ್ಕೆ ತವರು. ಡೆಂಗಿಯ ಈಡಿಸ್ ಸೊಳ್ಳೆಯದೂ ಬಹುಮಟ್ಟಿಗೆ ಇದೇ ಚಾಳಿ. ಎಂಎಲ್‌ಒ ಕುಡಿಯುವ ನೀರಿಗೆ ಸಲ್ಲದು. ಹಾಗಾಗಿ ಎಣ್ಣೆಯ ಡಬ್ಬಿ ಚರಂಡಿಯ ಅಂಚಿನಲ್ಲೇ ನಿಲ್ಲುತ್ತದೆ. ಮನೆಯೊಳಗಿನ ತೊಟ್ಟಿಗೆ ಟೆಮಿಫಾಸ್ ಎಂಬ ಮರಿನಾಶಕ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಬಾವಿಗೆ ಗಪ್ಪಿ ಮೀನು ಬಿಡುತ್ತಾರೆ. ತೊಪ್ಪೂರಿನಂಥ ಊರಿಗೆ ಇದರ ಅರ್ಥ ನೇರವಾಗಿದೆ: ನೀರು ಎಷ್ಟು ಅಮೂಲ್ಯವೋ ಅಷ್ಟು ಹೆಚ್ಚು ಸಂಗ್ರಹ, ಅಷ್ಟು ಹೆಚ್ಚು ಸೊಳ್ಳೆ, ಔಷಧಿಯ ಆಯ್ಕೆ ಮಾತ್ರ ಅಷ್ಟೇ ಕಡಿಮೆ.

ಈಚಿನ ದಶಕಗಳಲ್ಲಿ ಎಣ್ಣೆಯ ಬದಲು ಒಂದೇ ಅಣುವಿನಷ್ಟು ತೆಳುವಾದ ಪದರ ಹರಡುವ ದ್ರವಗಳು ಬಂದಿವೆ. ಅಷ್ಟು ತೆಳುವಾಗಿ ಹರಡುವ ಗುಣ ಹೊಸದಲ್ಲ. ಒಂದು ಟೀ ಚಮಚ ಎಣ್ಣೆ ಲಂಡನ್ನಿನ ಕೊಳವೊಂದರ ಅರ್ಧ ಎಕರೆಯನ್ನು ಶಾಂತಗೊಳಿಸಿದ್ದನ್ನು ಬೆಂಜಮಿನ್ ಫ್ರಾಂಕ್ಲಿನ್ 1774ರಲ್ಲೇ ಪ್ರಕಟಿಸಿದ್ದ. ಹೊಸ ದ್ರವಗಳ ಪದರ ನೀರಿನ ಮೇಲ್ಮೈ ಎಳೆತವನ್ನು ಕುಗ್ಗಿಸುತ್ತದೆ, ಮರಿ ಮತ್ತು ಪ್ಯೂಪಾ ಮೇಲ್ಮೈಗೆ ಅಂಟಿ ನಿಲ್ಲಲಾರದೆ ಮುಳುಗುತ್ತವೆ. ನಿಂತ ನೀರಿನಲ್ಲಿ ಇದು 10ರಿಂದ 14 ದಿನ ಉಳಿಯುತ್ತದೆಂದೂ, ಲೇಬಲ್ಲಿನಂತೆ ಬಳಸಿದರೆ ಮನುಷ್ಯರಿಗೆ ಅಪಾಯವಿಲ್ಲವೆಂದೂ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಪೆಟ್ರೋಲಿಯಂ ಎಣ್ಣೆಯನ್ನು ತಪ್ಪಾಗಿ ಬಳಸಿದರೆ ಮೀನಿಗೂ ಇತರ ಜಲಚರಗಳಿಗೂ ಕೇಡು ಎಂಬ ಎಚ್ಚರಿಕೆಯನ್ನೂ ಅದೇ ಸಂಸ್ಥೆ ಕೊಟ್ಟಿದೆ. ಆದರೆ ಗಾಳಿ ಬೀಸಿದರೆ ತೆಳು ಪದರ ಒಂದು ದಡಕ್ಕೆ ಸರಿದುಬಿಡುತ್ತದೆ. ನೀರಿನ ಮೇಲೆ ಓಡಾಡಿಕೊಂಡಿರುವ ಬೇರೆ ಕೀಟಗಳಿಗೂ ಕಾಲೂರಲು ನೆಲೆ ತಪ್ಪುತ್ತದೆ.

ಇಂಥ ದ್ರವ ಯಾವುದೇ ಇರಲಿ, ಭಾರತದಲ್ಲಿ ಮಾರಬೇಕಾದರೆ ನೋಂದಣಿ ಸಮಿತಿಯ ಮುಂದೆ ಅದರ ವಿಷಗುಣದ, ಪರಿಣಾಮದ ಅಂಕಿಅಂಶ ಇಡಲೇಬೇಕು. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಚರಂಡಿಯದಲ್ಲ, ಡ್ರಮ್ಮಿನದು: ಮನೆಯವರು ಸಂಜೆ ಚೊಂಬು ಅದ್ದುವ ನೀರಿಗೆ ಇದನ್ನು ಬೆಳಿಗ್ಗೆ ಹಾಕಬಹುದೇ? ಸರ್ಕಾರಗಳು ಸದ್ಯಕ್ಕೆ ಹೆಚ್ಚಾಗಿ ಹೊರೆ ಹೊರಿಸುತ್ತಿರುವುದು ಮನೆಯವರ ಮೇಲೆ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿದ ಕರ್ನಾಟಕ, ಮನೆಯಂಗಳದಲ್ಲಿ ಸೊಳ್ಳೆ ಹುಟ್ಟಲು ಬಿಟ್ಟರೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ತಮಿಳುನಾಡಿನಲ್ಲಿ 1939ರ ಕಾಯಿದೆ ಇಂದಿಗೂ ಚಾಲ್ತಿಯಲ್ಲಿದೆ. ನಲ್ಲಿ ಮುಂದೆ ಯಾವಾಗ ಬರುತ್ತದೋ ಗೊತ್ತಿಲ್ಲದ ಮನೆಗೆ ಡ್ರಮ್ಮು ಬರಿದು ಮಾಡೆಂದು ನೋಟಿಸು ಕೊಡುವ ಮೊದಲು, ನೀರು ಬಿಡುವ ದಿನವನ್ನು ಖಚಿತಪಡಿಸುವ ಹೊಣೆ ನೋಟಿಸು ಕೊಡುವವರದೇ ಆಗಬೇಕು.